ಇಂದ್ರವ್ವನ ತೋಟದಲ್ಲಿ ಪೈಲವಾನ

12 ನವೆಂಬರ್ 1953, ಗುರುವಾರ

ಹಿಪ್ಪರಗಿ ದಾಟಿ ಹೊಳೆಯ ಕಡೆಗೆ ಇಳಿದ ಮೇಲೆ ಚಕ್ಕಡಿಯ ದಾರಿ ಕಬ್ಬಿನ ನಡುವೆ ಹೋಗುತ್ತದೆ. ಎರಡೂ ಕಡೆಯ ಗರಿ ಮೈಗೆ ತಾಗುತ್ತಿತ್ತು. ನಮ್ಮ ಯಜಮಾನರು ಎರಡೂ ಕೈಗಳನ್ನು ಕಂಬಳಿಯೊಳಗೆ ಅಡಗಿಸಿಕೊಂಡು ಕೂತಿದ್ದರು. ಗರಿ ಮುಖಕ್ಕೆ ಬಡಿದರೂ ಕೈ ಹೊರಗೆ ತೆಗೆಯಲಿಲ್ಲ. ನಾನೇ ಸರಿಸುತ್ತ ಬಂದೆ.

ಮಾಸ್ತರರ ಮಗಳು ನಾನು. ಬರೆಯುವ ಚಟ ಅಪ್ಪನಿಂದ ಬಂದದ್ದು. ಮುಧೋಳದ ಮನೆಯಲ್ಲಿ ಒಂದು ವರ್ಷದಿಂದ ಒಂದು ಸಾಲೂ ಬರೆದಿಲ್ಲ. ಹೋದ ವರ್ಷ ಜಮಖಂಡಿಯ ಕುಸ್ತಿಯಲ್ಲಿ ಅವರು ಸಾವಳಗಿಯ ಕಾಮಣ್ಣ ಎಂಬ ಹುಡುಗನನ್ನು ಎತ್ತಿ ಒಗೆದರು. ಹುಡುಗ ಕತ್ತಿನ ಮೇಲೆ ಬಿದ್ದ. ಮರುದಿನ ತೀರಿಕೊಂಡ. ಕಣದಲ್ಲಿ ಆದದ್ದು, ಯಾರ ತಪ್ಪೂ ಅಲ್ಲ ಎಂದು ಎಲ್ಲರೂ ಅಂದರು, ಪೊಲೀಸರೂ ಅಂದರು. ಅವರು ಮಾತ್ರ ಅಂದಿನಿಂದ ಜೀವ ಇರುವ ಯಾವುದನ್ನೂ ಮುಟ್ಟಿಲ್ಲ. ಮೊದಲು ಎತ್ತಿನ ಬೆನ್ನು ಬಿಟ್ಟರು. ಆಮೇಲೆ ತಮ್ಮ ಅಣ್ಣನ ಮಕ್ಕಳನ್ನು, ನನ್ನನ್ನು. ಕಡೆಗೆ ತಂಬಿಗೆಯನ್ನೂ ರೊಟ್ಟಿಯನ್ನೂ ಬಿಟ್ಟರು. ಮೂರು ಹೊತ್ತೂ ನಾನೇ ತುತ್ತು ಮಾಡಿ ಬಾಯಿಗೆ ಇಡುತ್ತೇನೆ.

ತೋಟದ ಮನೆಯ ಬಾಗಿಲಲ್ಲಿ ಇಂದ್ರವ್ವ ನಿಂತಿದ್ದರು. ಐವತ್ತು ದಾಟಿದವರು, ಗಟ್ಟಿ ಆಳು. ದೂರದ ಒಂದು ದವಾಖಾನೆಯಲ್ಲಿ, ಮನಸ್ಸು ಕೆಟ್ಟವರ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದರಂತೆ. ತಂದೆಯಿಂದ ಈ ತೋಟ ಪಾಲಿಗೆ ಬಂದ ಮೇಲೆ ಇಲ್ಲಿಗೆ ಬಂದು, ಅಂಥವರನ್ನು ಇಟ್ಟುಕೊಂಡು ಒಕ್ಕಲುತನ ಮಾಡುತ್ತಿದ್ದಾರೆ. ಸುತ್ತಲಿನ ಜನ ಇದಕ್ಕೆ ಹುಚ್ಚರ ತೋಟ ಅನ್ನುತ್ತಾರೆ.

“ಏನ್ರಿ ಪೈಲವಾನರ, ಊಟಾ ಆತೇನು?” ಎಂದು ಅವರನ್ನು ಕೇಳಿದರು.

“ದಾರ್ಯಾಗ ಆತ್ರಿ,” ಅಂದೆ ನಾನು.

“ದಣದೀರೇನು?”

“ಇಲ್ರಿ, ಅವರು ದಣಿಯಾವರಲ್ಲ.”

ಇಂದ್ರವ್ವ ನನ್ನ ಕಡೆ ತಿರುಗಿದರು. “ನೀವು ದಣದೀರೇನು, ಯವ್ವಾ?”

ನಾನು ಗಂಟು ಇಳಿಸಿಕೊಳ್ಳಲು ಚಕ್ಕಡಿಯ ಕಡೆ ತಿರುಗಿದೆ.

13 ನವೆಂಬರ್, ಶುಕ್ರವಾರ

ಇಲ್ಲಿ ಬೀಗ ಇರುವುದು ಕಾಳಿನ ಕೋಣೆಗೆ ಒಂದಕ್ಕೇ. ಅದೂ ಇಲಿಗಳಿಗೆ ಹೆದರಿ. ಹದಿನಾಲ್ಕು ಮಂದಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಬಂದವರ ಜೊತೆ ಮನೆಯವರೊಬ್ಬರು ಒಂದು ಸುಗ್ಗಿ ಇರಲೇಬೇಕು, ಆದರೆ ಅವರಿಗೂ ಬೇರೆ ಕೆಲಸ ಉಂಟು. ಊಟದ ಪಂಕ್ತಿಯಲ್ಲಿ ಮನೆಯವರು ತಮ್ಮವರ ಪಕ್ಕ ಕೂಡುವ ಹಾಗಿಲ್ಲ.

ಇದನ್ನೆಲ್ಲ ಹೇಳಿದವನು ಕುರಿ ಕಾಯುವ ಅಮಸಿದ್ದಪ್ಪ. ಅವನೇ ಇಲ್ಲಿ ಇಂದ್ರವ್ವನ ಬಲಗೈ. ನಾನು, “ಹಂಗಾದ್ರ ನಮ್ಮವರು ಉಪಾಸ ಇರತಾರು,” ಅಂದೆ.

“ಇರ್ಲಿ ಬಿಡ್ರಿ. ಕುಸ್ತಿ ಮನಷ್ಯಾ, ಒಂದೊಪ್ಪತ್ತಿಗೆ ಸಾಯಂಗಿಲ್ಲ,” ಎಂದ.

ಈ ಜನಕ್ಕೆ ಕರುಳಿಲ್ಲ. ಒಂದು ವಾರ ನೋಡಿ ವಾಪಸು ಹೋಗುವುದೇ ಸೈ.

16 ನವೆಂಬರ್, ಸೋಮವಾರ

ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಅಂದು ಬೆಳಿಗ್ಗೆ ಎಲ್ಲರೂ ಬೇವಿನ ಗಿಡದ ಕೆಳಗೆ ಕೂತು, ಹೋದ ವಾರ ತಮಗೆ ಕೊಟ್ಟ ಕೆಲಸ ಸರಿ ಬಂತೋ ಇಲ್ಲವೋ ಹೇಳಬೇಕು. ಇಂದ್ರವ್ವನೂ ಹೇಳಬೇಕು. ಅಮಸಿದ್ದಪ್ಪ ಅವರ ಮುಖಕ್ಕೇ, “ಹೋದ ವಾರ ನೀವು ಗಡಿಬಿಡಿ ಭಾಳ ಮಾಡಿದ್ರಿ,” ಎಂದ. ಅವರು ಹೌದೆಂದು ಒಪ್ಪಿಕೊಂಡರು.

ಯಲ್ಲಕ್ಕ ಎಂಬ ಮುದುಕಿ ಇದ್ದಾಳೆ. ಯಾವಾಗಲೋ ಮುರಿದುಹೋದ ಮಗಳ ಮದುವೆ ಆಕೆಯ ತಲೆಯಲ್ಲಿ ಇನ್ನೂ ನಡೆದೇ ಇದೆ. ಕಂಡಕಂಡವರನ್ನು ಲಗ್ನಕ್ಕೆ ಕರೆಯುತ್ತಾಳೆ. ಆಕೆಗೆ ಪಂಕ್ತಿ ನೋಡಿಕೊಳ್ಳುವ ಕೆಲಸ: ತಾಟು ಹಾಕುವುದು, ಯಾರಿಗೆ ಏನು ಬೇಕು ಕೇಳುವುದು. “ಇಷ್ಟ ಮಂದೀಗೆ ಉಣಿಸಾಕ ಲಗ್ನದ ಮನಿ ಯಜಮಾನಿಕಿಂತ ಛಲೋ ಯಾರು ಸಿಗತಾರ?” ಎಂದರು ಇಂದ್ರವ್ವ. ನಾನು ನಗಲಿಲ್ಲ. ನಕ್ಕರೆ ಒಪ್ಪಿದಂತಾಗುತ್ತಿತ್ತು.

ನಮ್ಮವರ ಸರದಿ ಬಂದಾಗ ನಾನು ಬಾಯಿ ತೆರೆದೆ. ಇಂದ್ರವ್ವ ಕೈ ಎತ್ತಿ ತಡೆದರು. ಬಹಳ ಹೊತ್ತು ಎಲ್ಲರೂ ಸುಮ್ಮನೆ ಕಾದರು. ಅವರೂ ಸುಮ್ಮನಿದ್ದರು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ, ನನಗೊಬ್ಬಳಿಗೆ ಬಿಟ್ಟು.

18 ನವೆಂಬರ್, ಬುಧವಾರ

ಜೋಳದ ಕಣಿಕೆಯ ಬಣವೆಯ ಹಿಂದೆ ಅವರನ್ನು ಕೂಡಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದ ರೊಟ್ಟಿ ಪಲ್ಯ ಉಣಿಸುತ್ತಿದ್ದೆ. ಬಂದ ದಿನದಿಂದ ಹಾಗೆಯೇ ನಡೆದಿತ್ತು. ಇಂದು ಇಂದ್ರವ್ವ ಕಂಡರು. ಬಯ್ಯಲಿಲ್ಲ. ಅದೇ ಕಷ್ಟವಾದದ್ದು.

“ರತ್ನಾಬಾಯಿ, ನಿಮಗ ಹಿಂಡಾಕ ಬರತೈತೇನು?”

“ಇಲ್ರಿ. ನಮ್ಮಪ್ಪನ ಮನ್ಯಾಗ ಎಮ್ಮಿ ಇರಲಿಲ್ಲ.”

“ನಾಳಿಂದ ಕಲೀರಿ. ಮುರುಕೋಡಿನ ಎಮ್ಮಿ ನಿಮ್ಮ ಪಾಲಿಗೆ.”

ಇಲ್ಲಿ ಸಂಜೆಯ ಹಾಲು ಹಿಂಡುವುದೂ ಊಟದ ಪಂಕ್ತಿ ಹಾಕುವುದೂ ಒಂದೇ ಹೊತ್ತಿಗೆ. ಆಮೇಲೆ ಹೊಳೆಯಿತು, ಬೇಕೆಂದೇ ಮಾಡಿದ್ದಾರೆ.

20 ನವೆಂಬರ್, ಶುಕ್ರವಾರ

ಸಿಕ್ಕಿಬಿದ್ದ ಮೇಲೆ ಮಧ್ಯಾಹ್ನವೂ ಕದ್ದು ಉಣಿಸಲು ನನಗೆ ಮುಖವಿಲ್ಲ. ಎರಡು ದಿನದಿಂದ ಅವರು ಉಂಡಿಲ್ಲ. ತಾಟಿನ ಮುಂದೆ ಕೂತು ಎದ್ದು ಹೋಗುತ್ತಾರೆ. ಎಮ್ಮೆ ನನ್ನನ್ನು ಒದೆಯುತ್ತದೆ. ನಾಳೆ ಸಿಕ್ಕ ಚಕ್ಕಡಿಯಲ್ಲಿ ಹೊರಡುತ್ತೇವೆ. ಹಾಗೆಂದು ಹೇಳಿಯೂ ಬಂದೆ. ಇಂದ್ರವ್ವ, “ಹೋಗ್ರಂತ. ನಾಳೆ ಸಂಜೀಮುಂದ ಅಮಸಿದ್ದಪ್ಪ ಚಕ್ಕಡಿ ಹೂಡತಾನ,” ಅಂದರು. ಅವರ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

21 ನವೆಂಬರ್, ಶನಿವಾರ

ಹೋಗಲಿಲ್ಲ.

ಮಧ್ಯಾಹ್ನ ಅವರು ಎಂದಿನಂತೆ ತಾಟು ಬಿಟ್ಟು ಏಳಹೋದಾಗ ಯಲ್ಲಕ್ಕ ಅಡ್ಡ ನಿಂತಳಂತೆ. “ಬೀಗರ, ಲಗ್ನದ ಮನ್ಯಾಗ ಉಣ್ಣದ ಎದ್ರ ನನ್ನ ಮಗಳ ಗತಿ ಏನು? ಮಂದಿ ಏನಂತಾರು?” ಎಂದು ಅತ್ತಳಂತೆ. ನಿಜವಾದ ಅಳು. ಅವರು ಬಹಳ ಹೊತ್ತು ನಿಂತು, ಮತ್ತೆ ಕೂತರಂತೆ. ಕಂಬಳಿಯಿಂದ ಬಲಗೈ ತೆಗೆದು ರೊಟ್ಟಿ ಮುರಿದರಂತೆ. ಯಲ್ಲಕ್ಕ ಮತ್ತೆ ಎರಡು ರೊಟ್ಟಿ ಹಾಕಿದಳಂತೆ, ಅದನ್ನೂ ಉಂಡರಂತೆ.

ಎಲ್ಲ ‘ಅಂತೆ’ಯೇ. ನಾನು ಆ ಹೊತ್ತಿಗೆ ಒಳಗೆ ನಮ್ಮ ಗಂಟು ಕಟ್ಟುತ್ತಿದ್ದೆ. ಅಮಸಿದ್ದಪ್ಪ ಓಡಿ ಬಂದು ಹೇಳಿದ. ಒಂದು ವರ್ಷ ನಾನು ಉಣಿಸಿದವಳು, ಅವರು ತಾವೇ ಉಂಡ ಮೊದಲ ತುತ್ತನ್ನು ಕಾಣಲಿಲ್ಲ. ಸಂತೋಷಕ್ಕೆ ಅತ್ತೆನೋ ಸಿಟ್ಟಿಗೆ ಅತ್ತೆನೋ ಗೊತ್ತಿಲ್ಲ. ಗಂಟು ಬಿಚ್ಚಿದೆ.

3 ಡಿಸೆಂಬರ್, ಗುರುವಾರ

ಆಲೆಮನೆಯ ಒಲೆ ಕಟ್ಟಲು ಅವರು ಮಣ್ಣು ಕಲಸುತ್ತಿದ್ದಾರೆ. ಮಣ್ಣಿಗೆ ಜೀವವಿಲ್ಲ ಎಂದು ಇಂದ್ರವ್ವ ಅದನ್ನೇ ಆರಿಸಿ ಕೊಟ್ಟಿದ್ದು. ಮೊಣಕೈತನಕ ಕೆಸರು. ನಡುವೆ ಒಂದು ಎರೆಹುಳ ಹೊರಬಂತು. ಅವರು ಕೈ ಹಿಂದಕ್ಕೆ ಎಳೆದುಕೊಂಡು, ಅದು ತಾನಾಗಿ ಹರಿದು ದಂಡೆಗೆ ಸೇರುವತನಕ ಕಾದರು. ಜೊತೆಗಿದ್ದ ಯಮನಪ್ಪನೂ ಕಾದ. ಯಮನಪ್ಪ ಬರ್ಮಾದ ಯುದ್ಧಕ್ಕೆ ಹೋಗಿ ಬಂದವನು, ಒಮ್ಮೊಮ್ಮೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊಳೆದಂಡೆಗೆ ಹೋಗಿ ಕೂಡುತ್ತಾನೆ. ಯಾರೂ ಕೂಗುವುದಿಲ್ಲ. ಹುಳ ಹೋಯಿತು, ಮತ್ತೆ ಇಬ್ಬರೂ ಕಲಸಿದರು.

ಅಮಸಿದ್ದಪ್ಪ ಹಿಂಜಲು ಉಣ್ಣೆ ಕೊಟ್ಟು ನೋಡಿದ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. “ಆತು ಬಿಡ್ರಿ, ಕುರಿ ಎಲ್ಲಿ ಓಡಿ ಹೋಗತಾವು,” ಎಂದು ಅವನು ಎತ್ತಿಟ್ಟುಕೊಂಡ.

ಎಮ್ಮೆಯ ಹಿಂಗಾಲಿಗೆ ಹಗ್ಗ ಹಾಕುವುದನ್ನು ಬಿಟ್ಟೆ. ಮೊದಲು ಅದರ ಹಣೆ ತುರಿಸಬೇಕು, ಕೋಡು ಮುರಿದ ಕಡೆ ಮುಟ್ಟಬಾರದು. ಇವತ್ತು ಅರ್ಧ ತಂಬಿಗೆ ಕೊಟ್ಟಿತು. ನನ್ನ ಅಂಗೈ ಗಟ್ಟಿಯಾಗುತ್ತಿದೆ.

14 ಡಿಸೆಂಬರ್, ಸೋಮವಾರ

ಜಮಖಂಡಿಯ ಒಬ್ಬ ಜಮೀನುದಾರರು ತಮ್ಮ ಅತ್ತಿಗೆಯನ್ನು ಕರೆತಂದಿದ್ದರು. ಇಟ್ಟುಕೊಂಡರೆ ಬಾವಿಗೆ ಎಣ್ಣೆ ಎಂಜಿನ್ ಕೂಡಿಸಿಕೊಡುತ್ತೇನೆ ಅಂದರು. ಇಂದ್ರವ್ವ ಬೇಡವೆಂದರು. ಹದಿನಾಲ್ಕು ತುಂಬಿದೆ, ಯಾರಾದರೂ ಮನೆಗೆ ಹೋದ ಮೇಲೆ ಹೇಳಿ ಕಳಿಸುತ್ತೇನೆ, ಎಂಜಿನ್ ಇಲ್ಲದಿದ್ದರೂ ಕಳಿಸುತ್ತೇನೆ ಎಂದರು.

ಬೇವಿನ ಕೆಳಗೆ ಅಮಸಿದ್ದಪ್ಪ ಅದನ್ನೇ ಎತ್ತಿದ. “ಎಂಜಿನ್ ಬಂದಿದ್ರ ಎತ್ತು ಕಟ್ಟಿ ಕಪಿಲಿ ಹೊಡೆಯೂದು ತಪ್ಪತಿತ್ತು. ಒಂದು ಮಂಚಕ್ಕ ಜಾಗಾ ಇಲ್ಲೇನ್ರಿ ಇಷ್ಟ ದೊಡ್ಡ ತ್ವಾಟದಾಗ?”

“ಮಂಚಕ್ಕ ಐತಿ. ನನ್ನ ತಲ್ಯಾಗ ಇಲ್ಲ,” ಎಂದರು ಇಂದ್ರವ್ವ. “ಹದಿನಾಕ ಮಂದಿ ಇದ್ರ, ಮುಂಜಾನೆದ್ದು ಯಾರ ಮುಖಾ ಹೆಂಗ ಐತಿ ನನಗ ಗೊತ್ತಾಗತೈತಿ. ಅದರ ಮ್ಯಾಲ ಆದ್ರ ದನಾ ಎಣಿಸಿದಂಗ ಎಣಿಸಬೇಕಾಗತೈತಿ.”

ನನ್ನ ಸರದಿಯಲ್ಲಿ ನಾನು, “ಎಮ್ಮಿ ಛಲೋ ಐತಿ, ಆದ್ರ ಅದರ ಬಾಲಾ ಛಲೋ ಇಲ್ರಿ,” ಅಂದೆ. ಎಲ್ಲರೂ ನಕ್ಕರು. ಇದು ನಾನು ಅಲ್ಲಿ ಆಡಿದ ಮೊದಲ ಮಾತು ಎಂದು ಯಮನಪ್ಪ ಹೇಳಿದ. ಇರಲಿಕ್ಕಿಲ್ಲ.

5 ಜನವರಿ 1954, ಮಂಗಳವಾರ, ಎಳ್ಳ ಅಮಾವಾಸ್ಯೆ

ಭೂತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಲು ಎಲ್ಲರೂ ಹೊರಟಿದ್ದೆವು. ಸಜ್ಜೆ ಕಡುಬು, ಎಣ್ಣೆಗಾಯಿ, ಹುರಕ್ಕಿ ಹೋಳಿಗೆ. ಯಲ್ಲಕ್ಕ ಹೊಸ ಸೀರೆ ಉಟ್ಟು ದಿಬ್ಬಣದ ಮುಂದೆ ನಡೆಯುವಂತೆ ನಡೆಯುತ್ತಿದ್ದಳು. ಆಗ ಭಾವನವರ ಚಕ್ಕಡಿ ಬಂತು.

ಭಾವ ಹೊಳಬಸಪ್ಪನವರು ಕೆಟ್ಟವರಲ್ಲ. ತಮ್ಮನ ಸಲುವಾಗಿ ಹೋದ ವರ್ಷ ಎಲ್ಲ ದೇವರಿಗೂ ಹೋಗಿ ಬಂದವರು. ಆದರೆ ಆಲೆಮನೆಯಲ್ಲಿ ಕೊಪ್ಪರಿಗೆ, ಕಬ್ಬಿನ ಹೊರೆ, ಹೊರಡುವ ಮುಂಚೆ ಅಲ್ಲಿ ಒಲೆಯ ಬೂದಿ ಬಳಿಯುತ್ತಿದ್ದ ತಮ್ಮನನ್ನು ನೋಡಿದ್ದೇ ಅವರ ಮುಖ ಬದಲಾಯಿತು.

“ನಮ್ಮ ತಮ್ಮಗ ದುಡಿಯಾಕ ಆಗತೈತಿ ಅಂದ್ರ ಮಂದಿ ಹೊಲದಾಗ ಯಾಕ ಪುಕ್ಕಟ ದುಡೀಬೇಕು? ಮುಧೋಳದಾಗ ನಮ್ಮ ಹೊಲಾ ಇಲ್ಲೇನು? ಹುಚ್ಚರ ಕೈಲೆ ಕಬ್ಬು ಕಡಿಸಿ ಬೆಲ್ಲಾ ಮಾಡಿ ಮಾರತೀರಿ ನೀವು.”

ಇಂದ್ರವ್ವನಿಗೆ ಈ ಮಾತು ಹೊಸದಲ್ಲ ಎಂದು ಕಾಣುತ್ತದೆ. “ಇವತ್ತ ಹಬ್ಬ, ಉಣ್ರಿ. ನಾಳೆ ಒಂದು ಹಗಲು ನಮ್ಮ ಜೋಡಿ ನಿಲ್ರಿ. ಆಮ್ಯಾಲೂ ಹಂಗ ಅನಿಸಿದ್ರ ಕರಕೊಂಡ ಹೋಗ್ರಿ,” ಎಂದರು.

ನನಗೆ ಕಡುಬು ಸೇರಲಿಲ್ಲ.

6 ಜನವರಿ, ಬುಧವಾರ

ಭಾವ ಬೆಳಿಗ್ಗೆಯೇ ಆಲೆಮನೆಗೆ ಇಳಿದರು. ಬೆಲ್ಲದ ಕೆಲಸ ಬಲ್ಲವರು. ಹೊತ್ತು ಏರಿತು, ಕಬ್ಬಿನ ಹಾಲು ಕುದಿದು ಪಾಕದ ಹದಕ್ಕೆ ಬಂತು. ಸರಿಯಾಗಿ ಆ ಹೊತ್ತಿಗೆ ಕೊಪ್ಪರಿಗೆ ತಿರುವುತ್ತಿದ್ದ ಯಮನಪ್ಪ ಕೋಲು ಇಟ್ಟು ಹೊಳೆಯ ಕಡೆ ನಡೆದುಬಿಟ್ಟ. ಭಾವ ಕೂಗಿದರು. ಅವನು ತಿರುಗಿ ನೋಡಲಿಲ್ಲ. ಇನ್ನೊಬ್ಬರು ಕೋಲು ಹಿಡಿಯುವಷ್ಟರಲ್ಲಿ ಪಾಕ ಹೊತ್ತಿ ಕರಿ ವಾಸನೆ ಬಂತು.

ಭಾವ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. “ಇಡೀ ಕೊಪ್ಪರಿಗಿ ಹಾಳಾತಲ್ರಿ. ಅವನ್ನ ಹಿಡದು ನಿಲ್ಲಿಸಬಾರದೇನು?”

“ಬೆಲ್ಲಾ ಹಾಳಾದ್ರ ದನಕ್ಕ ಹಾಕತೇವಿ,” ಎಂದರು ಇಂದ್ರವ್ವ. “ಅವನ್ನ ಹಿಡದು ನಿಲ್ಲಿಸಿದ್ರ ಅವ ಹಾಳಾಗತಾನು. ಅವನ್ನ ಯಾರಿಗೆ ಹಾಕೂದು?” ಆಮೇಲೆ ತಾವೇ, “ಆದ್ರ ತಪ್ಪು ನಂದ ಐತಿ. ಪಾಕದ ಹೊತ್ತಿಗೆ ಅಂವಗ ಒಬ್ಬನ್ನ ಜೋಡಿ ಹಚ್ಚಬೇಕಾಗಿತ್ತು. ಸೋಮವಾರ ಹೇಳತೇನಿ,” ಎಂದರು.

ಸಂಜೆಯತನಕ ಭಾವ ನೋಡಿದರು. ಹತ್ತಾರು ಮಂದಿ ಕಡಿದ ಕಬ್ಬು, ಊರಲ್ಲಿ ಭಾವನವರ ಇಬ್ಬರು ಆಳು ಕಡಿಯುವಷ್ಟು ಇರಲಿಲ್ಲ. ಕೈಕಾಲು ತೊಳೆದುಕೊಳ್ಳುವಾಗ ಅವರಿಗೇ ನಗು ಬಂತು. “ಇಂಥಾ ಪುಕ್ಕಟ ಆಳು ನನಗ ಕೊಟ್ರ ನಾನು ಒಂದ ವರ್ಷದಾಗ ಮುಳಗತೇನಿ,” ಅಂದರು.

ಹೊರಡುವ ಮುಂಚೆ ತಮ್ಮನ ಮುಂದೆ ಕೂತು ಕೇಳಿದರು. “ಚನ್ಯಾ, ಬರ್ತೀ ಏನು ಮನೀಗೆ?”

ನಾನು ಸುಮ್ಮನಿದ್ದೆ. ಎಲ್ಲರೂ ಕಾದೆವು. ಅವರು ಒಲೆಯ ಬೂದಿ ನೋಡುತ್ತ, “ಅಮಸಿದ್ದಪ್ಪಗ ಕುರಿ ಉಣ್ಣಿ ಕತ್ತರಸೂದು ಐತಿ. ಆಮ್ಯಾಲೆ ಬರ್ತೇನಣ್ಣ,” ಅಂದರು.

ಅಷ್ಟು ಉದ್ದದ ಮಾತನ್ನು ಒಂದು ವರ್ಷದಲ್ಲಿ ಕೇಳಿರಲಿಲ್ಲ. ಭಾವ ಮುಖ ತಿರುಗಿಸಿ ರುಮಾಲಿನಿಂದ ಕಣ್ಣು ಒರೆಸಿಕೊಂಡರು. “ನೀನರ ಬರ್ತೀ ಏನವ್ವ? ಮನೀ ಕೆಲಸಾ ನಿಮ್ಮ ನೆಗೆಣ್ಣಿ ಒಬ್ಬಾಕಿಗೇ ಭಾಳ ಆಗೇತಿ,” ಎಂದು ನನ್ನನ್ನು ಕೇಳಿದರು. ಎಮ್ಮೆ ತುಂಬಿದ ಗಬ್ಬ, ಈಗ ಬರಲಾಗುವುದಿಲ್ಲ ಎಂದೆ. ಭಾವನಿಗೆ ಇಲ್ಲ ಅಂದದ್ದು ಬರೆಯುವಾಗ ನೆನಪಾಗಿ ಸ್ವಲ್ಪ ಹೆದರಿಕೆಯಾಯಿತು. ಆದರೆ ಎಮ್ಮೆ ಗಬ್ಬ ಇರುವುದು ಖರೆ.

21 ಜನವರಿ, ಗುರುವಾರ

ಉಣ್ಣೆ ಕತ್ತರಿಸುವುದು ಮೂರು ದಿನದಿಂದ ನಡೆದಿದೆ. ಅಮಸಿದ್ದಪ್ಪ ಕತ್ತರಿ ಹಿಡಿದರೆ ಒಬ್ಬರು ಕುರಿಯನ್ನು ಹಿಡಿಯಬೇಕು. ನಿನ್ನೆಯತನಕ ಅವರು ಬರೀ ನೋಡುತ್ತ ನಿಂತಿದ್ದರು. ಇವತ್ತು ಬಂದು ಮೊಣಕಾಲು ಊರಿದರು.

“ನನ್ನ ಕೈಯಾಗ ಸತ್ರ?” ಎಂದು ಕೇಳಿದರು.

“ಸತ್ರ ಸಾಯತೈತಿ. ಹೋದ ವರ್ಷ ನನ್ನ ಕೈಯಾಗ ಒಂದು ಸತ್ತಿತ್ತು,” ಎಂದ ಅಮಸಿದ್ದಪ್ಪ. “ನೀವು ಸಡಲ ಹಿಡೀರಿ.”

ಅವರು ಹಿಡಿದರು. ಎಷ್ಟು ಸಡಿಲ ಹಿಡಿದರೆಂದರೆ ಅರ್ಧ ಉಣ್ಣೆ ಕತ್ತರಿಸಿದ ಕುರಿ ಜಿಗಿದು ಓಡಿತು. ಒಂದು ಕಡೆ ಬತ್ತಲೆ, ಇನ್ನೊಂದು ಕಡೆ ಕಂಬಳಿ ಹೊದ್ದ ಹಾಗೆ. ಕಬ್ಬಿನೊಳಗೆ ನುಗ್ಗಿತು. ಅಮಸಿದ್ದಪ್ಪ ಬೈಯುತ್ತ ಓಡಿದ, ಯಮನಪ್ಪ ಓಡಿದ, ನಾನೂ ಸೀರೆ ಎತ್ತಿ ಕಟ್ಟಿ ಓಡಿದೆ. ಯಲ್ಲಕ್ಕ ನಿಂತಲ್ಲಿಂದಲೇ, “ವರಾ ಓಡಿ ಹ್ವಾದ, ಹಿಡೀರಿ,” ಎಂದು ಕೂಗುತ್ತಿದ್ದಳು. ಹಿಂದೆ ತಿರುಗಿ ನೋಡಿದರೆ ಅವರು ಉಣ್ಣೆಯ ರಾಶಿಯಲ್ಲಿ ಕೂತು ನಗುತ್ತಿದ್ದರು. ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡು ನಗುತ್ತಿದ್ದರು. ಆ ಕೈಗಳಿಂದ ಒಂದು ಜೀವ ತಪ್ಪಿಸಿಕೊಂಡು ಹೋಗಿತ್ತು.

ಕುರಿ ಸಿಕ್ಕಿತು. ಎರಡನೆಯ ಸಲ ಸರಿಯಾಗಿ ಹಿಡಿದರು.

8 ಫೆಬ್ರವರಿ, ಸೋಮವಾರ

ಬೇವಿನ ಕೆಳಗೆ ಅವರ ಸರದಿ ಬಂದಾಗ, “ನಾನು ಸಾವಳಗೀಗೆ ಹೋಗಬೇಕು,” ಅಂದರು. “ಕಾಮಣ್ಣನ ಅಪ್ಪನ್ನ ನೋಡಬೇಕು.”

ಇಷ್ಟು ಒಳ್ಳೆಯದಾದ ಮೇಲೆ ಯಾಕೆ ಬೇಕು ಅದು? ಆ ಮನೆಯವರು ಹೊಡೆದರೆ? ಹೊಡೆಯದಿದ್ದರೆ, ಅದು ಇನ್ನೂ ಕಷ್ಟ. ನಾನೂ ಬರುತ್ತೇನೆ ಅಂದೆ. “ಬ್ಯಾಡ. ಒಬ್ಬನ ಹೋಗತೇನಿ,” ಅಂದರು.

ಇಂದ್ರವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ನೀವು ಹೋಗಬೇಕಂತೀರಿ. ಆ ಮನಿಯವರಿಗೆ ನಿಮ್ಮ ಮುಖಾ ನೋಡೂ ಮನಸ ಐತೋ ಇಲ್ಲೋ, ಅದನ್ನ ಮೊದಲ ಕೇಳೂಣು. ನಿಮ್ಮ ಮನಸಿನ ಭಾರಾ ಇಳಸಾಕ ಅವರ ಗಾಯಾ ಕೆದರಬಾರದು,” ಎಂದರು. ಅಮಸಿದ್ದಪ್ಪನ ಸಂಬಂಧಿಕರು ಸಾವಳಗಿಯಲ್ಲಿದ್ದಾರೆ. ಅವರ ಕೈಯಲ್ಲಿ ಕೇಳಿಸುವುದೆಂದಾಯಿತು.

13 ಫೆಬ್ರವರಿ, ಶನಿವಾರ

ಹುಡುಗನ ತಂದೆ ಗಿರಮಲ್ಲಪ್ಪ ಒಂದೇ ಮಾತು ಹೇಳಿ ಕಳಿಸಿದ್ದಾನೆ: ಬರಲಿ.

ಅವರು ಬೆಳಿಗ್ಗೆ ಹೊರಟರು. ಹೊಳೆ ದಾಟಿ ಸಾವಳಗಿಯ ದಾರಿ ಹಿಡಿಯಬೇಕು. ಬುತ್ತಿ ಕಟ್ಟಿದೆ. ದಂಡೆಯತನಕ ಹೋಗಿ ನಿಂತೆ. ನೀರು ಕಡಿಮೆ, ಅವರಿಗೆ ಮೊಣಕಾಲಿನ ಮೇಲೆ ಅಷ್ಟೇ. ಆಚೆ ದಂಡೆ ಹತ್ತಿ ತಿರುಗಿ ನೋಡಿದರೋ ಇಲ್ಲವೋ, ಬಿಸಿಲಲ್ಲಿ ಕಾಣಲಿಲ್ಲ.

15 ಫೆಬ್ರವರಿ, ಸೋಮವಾರ

ಸುದ್ದಿ ಇಲ್ಲ. ಎಮ್ಮೆ ಮೇವು ಮುಟ್ಟುತ್ತಿಲ್ಲ, ಬಾಲ ಎತ್ತಿ ನಿಲ್ಲುತ್ತದೆ. ಇಂದೋ ನಾಳೆಯೋ.

16 ಫೆಬ್ರವರಿ, ಮಂಗಳವಾರ

ಮುಂಜಾವಿನಲ್ಲಿ ಈಯಿತು. ಕರು ಅಡ್ಡ ಸಿಕ್ಕಿತ್ತು. ನಾನೂ ಅಮಸಿದ್ದಪ್ಪನೂ ಸೇರಿ ತಿರುಗಿಸಿ ಎಳೆದೆವು. ನನ್ನ ಕೈ ಮೊಣಕೈತನಕ ಒಳಗಿತ್ತು. ಹೆಣ್ಣು ಕರು. ಹಣೆಯ ಮೇಲೆ ಬಿಳಿ ಚುಕ್ಕೆ. ಹೆಸರು ಇಡುವುದು ಯಲ್ಲಕ್ಕನಿಗೆ ಬಿಟ್ಟೆವು. ಆಕೆ ಬೀಗತಿ ಎಂದು ಇಟ್ಟಳು. ಇಡೀ ದಿನ ಬೇರೆ ಯಾವುದೂ ನೆನಪಾಗಲಿಲ್ಲ.

20 ಫೆಬ್ರವರಿ, ಶನಿವಾರ

ಸಂಜೆ ಹಿಂಡಲು ಕೂತಿದ್ದೆ. ಹೊಸದಾಗಿ ಈದ ಎಮ್ಮೆ, ಯಾರ ನೆರಳು ಬಿದ್ದರೂ ಹಾಲು ಏರಿಸಿಕೊಳ್ಳುತ್ತದೆ. ಆಗಲೇ ಕೆಚ್ಚಲಿಗೆ ಹಾಲು ಇಳಿಸಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಅವರೇ. ಕರ್ರಗಾಗಿದ್ದರು, ಧೋತರ ಮಣ್ಣಾಗಿತ್ತು.

“ಹಸಿವಾಗೇತಿ,” ಅಂದರು.

“ಬುಟ್ಟ್ಯಾಗ ರೊಟ್ಟಿ ಅದಾವು, ತಗೋರಿ. ಗಡಗ್ಯಾಗ ಜುಣಕಾ ಐತಿ. ಸಪ್ಪಳ ಮಾಡಬ್ಯಾಡ್ರಿ, ಎಮ್ಮಿ ಹೆದರತೈತಿ,” ಅಂದೆ.

ತಾವೇ ಹೋಗಿ ಹಾಕಿಕೊಂಡು ಬಂದು, ಕೊಟ್ಟಿಗೆಯ ಗೋಡೆಗೆ ಒರಗಿ ಕೂತು ಉಂಡರು. ಅಂಗೈ ತುಂಬ ಸೀಳು, ಒಂದು ಬೆರಳಿಗೆ ಬಟ್ಟೆ ಸುತ್ತಿತ್ತು.

“ಗಿರಮಲ್ಲಪ್ಪನವರು ಏನಂದ್ರು?” ನಾನು ಹಿಂಡುತ್ತಲೇ ಕೇಳಿದೆ.

“ಏನೂ ಅನ್ನಲಿಲ್ಲ. ಭಾಳ ಹೊತ್ತು ನೋಡಿದ್ರು. ಆಮ್ಯಾಲೆ ಕುಡಗೋಲು ಕೊಟ್ರು. ಜ್ವಾಳಾ ಕೊಯ್ಲಿಗೆ ಬಂದಿತ್ತು. ಕಾಮಣ್ಣ ಇಲ್ಲಲ್ಲ, ಕೈ ಸಾಲವಲ್ದು. ಕೊಯ್ದೆ.”

“ಅವರವ್ವ?”

“ಎರಡು ದಿವಸ ಒಳಗಿಂದ ಹೊರಗ ಬರಲಿಲ್ಲ.” ರೊಟ್ಟಿ ಮುರಿದರು. “ಆಮ್ಯಾಲೆ ಹೊಲಕ್ಕ ಬುತ್ತಿ ತಂದ್ಲು. ಮೂರು ಮಂದೀದು ತಂದಿದ್ಲು.”

ಕರು ಹಗ್ಗ ಜಗ್ಗುತ್ತಿತ್ತು. ಅವರು ಎದ್ದು ಅದರ ಕತ್ತಿಗೆ ಕೈ ಹಾಕಿ ತಡೆದು ಹಿಡಿದರು, ನಾನು ಹಿಂಡಿ ಮುಗಿಸುವತನಕ.

“ಸಾವಳಗ್ಯಾಗ ಜ್ವಾಳದ ರಾಶಿ ಮಾಡೂದು ಇನ್ನೂ ಐತಿ,” ಅಂದರು. “ಹೋಗಿ ಮಾಡಿಕೊಟ್ಟು, ಹಂಗ ಮುಧೋಳಕ್ಕ ಅಣ್ಣನ ಕಡೆ ಹೋಗತೇನಿ.”

“ಹೋಗಿ ಬರ್ರಿ. ನನಗ ಈಗ ಏಳಾಕ ಆಗೂದಿಲ್ಲ. ಈ ಎಮ್ಮಿ ಬ್ಯಾರೇದವರ ಕೈಗೆ ಹಾಲು ಬಿಡೂದಿಲ್ಲ,” ಅಂದೆ.

ಗಿಣ್ಣು ಮುಗಿದು ಇವತ್ತೇ ಮೊದಲ ಒಳ್ಳೆಯ ಹಾಲು. ತಂಬಿಗೆ ತುಂಬಿ ನೊರೆ ಹೊರಗೆ ಬಂತು. ಅವರು ಪಕ್ಕದಲ್ಲೇ ಮಾತಾಡುತ್ತಿದ್ದರೂ ಎಮ್ಮೆ ಒಮ್ಮೆಯೂ ಕಾಲು ಎತ್ತಲಿಲ್ಲ. ಸೋಮವಾರ ಬೇವಿನ ಕೆಳಗೆ ಇದನ್ನು ಹೇಳಬೇಕು.